ಗಾಳಿಯಲ್ಲಿ 0.04% ಇರುವ ಅನಿಲ ಇಡೀ ಭೂಮಿಯನ್ನು ಬಿಸಿ ಮಾಡುತ್ತಾ?

ಮಲೆನಾಡಿಗ: ಕಾರ್ಬನ್ ಡೈಆಕ್ಸೈಡ್ ಇರುವುದೇ ಇಷ್ಟು ಕಮ್ಮಿ. ಅದರಿಂದ ಭೂಮಿ ಬಿಸಿಯಾಗುತ್ತೆ ಅಂದರೆ ನಂಬೋದು ಹೇಗೆ? ಸೂರ್ಯನ ಶಾಖವೇ ಜಾಸ್ತಿ ಆಗಿರಬಹುದಲ್ವಾ?

ಫಿಸಿಕ್ಸ್ ಮೇಷ್ಟ್ರು: ಒಳ್ಳೆಯ ಪ್ರಶ್ನೆ. ಒಣ ಗಾಳಿಯಲ್ಲಿ 99% ನೈಟ್ರೋಜನ್, ಆಕ್ಸಿಜನ್. ನೆಲದಿಂದ ಮೇಲೇಳುವ ಶಾಖವನ್ನು ಇವು ಹೆಚ್ಚುಕಮ್ಮಿ ತಡೆಯುವುದೇ ಇಲ್ಲ, ತಡೆಯುವುದೆಲ್ಲ ನೀರಾವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್‌ನಂಥವು. 1859ರಲ್ಲೇ ವಿಜ್ಞಾನಿ ಜಾನ್ ಟಿಂಡಲ್ ಇದನ್ನು ಪ್ರಯೋಗ ಮಾಡಿ ಅಳೆದಿದ್ದರು. ಕೈಗಾರಿಕೆಗಳು ಬರುವ ಮೊದಲು ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280 ಪಾಲು ಇದ್ದದ್ದು ಈಗ 420 ದಾಟಿದೆ. ಒಂದೂವರೆ ಪಟ್ಟು! ಇದನ್ನು ಕಮ್ಮಿ ಅನ್ನೋಕಾಗಲ್ಲ.

ನಕ್ಷತ್ರಪ್ರೇಮಿ: ಸೂರ್ಯನ ಶಕ್ತಿಯನ್ನು 1978ರಿಂದ ಉಪಗ್ರಹಗಳು ಅಳೆಯುತ್ತಿವೆ, ಅದು ಏರಿಲ್ಲ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆದರೆ ಆ ಮೇಲಿನ ಪದರ, ಅಂದರೆ ಸ್ಟ್ರಾಟೋಸ್ಫಿಯರ್, ತಣ್ಣಗಾಗುತ್ತಿದೆ.

ಕಾಫಿತೋಟದವಳು: ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿಯುತ್ತೆ, ಜೊತೆಗೆ ಅರಬ್ಬೀ ಸಮುದ್ರವೂ ಬಿಸಿಯಾಗುತ್ತಿದೆ, ಹಾಗಾಗಿ ಮಳೆ ಸುರಿದರೆ ಒಮ್ಮೆಗೇ ಸುರಿಯುವ ಸಾಧ್ಯತೆ ಹೆಚ್ಚು. ಹಾಗಂತ 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದಕ್ಕೆ ಸುಮ್ನೆ ಹವಾಮಾನವನ್ನಷ್ಟೇ ದೂರಬೇಡಿ. ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದದ್ದನ್ನೂ ಲೆಕ್ಕಕ್ಕೆ ತಗೊಳ್ಳಿ. ನಮಗೆ ಮಾರ್ಚ್-ಏಪ್ರಿಲ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಸಮಯಕ್ಕೆ ಬರದಿದ್ದರೆ ಆ ವರ್ಷದ ಫಸಲಿಗೇ ಪೆಟ್ಟು.