ಗಾಳದ ಮೊನೆ: ಅರ ಹಾಕೋದು ಯಾವಾಗ, ಬದಲಿಸೋದು ಯಾವಾಗ?

ಹೊಳೆದಂಡೆ:
ಬೆಂಡು ಚೆನ್ನಾಗಿ ಮುಳುಗುತ್ತೆ, ಎಳೆದರೆ ಒಂದು ಕ್ಷಣ ಭಾರ ಸಿಗುತ್ತೆ, ಆಮೇಲೆ ಸಡಿಲ. ಇತ್ತೀಚೆಗೆ ಹತ್ತು ಸಲ ಕಚ್ಚಿದರೆ ಆರೇಳು ಸಲ ಹೀಗೇ ಆಗ್ತಿದೆ. ಬಳಸೋದು 4ನೇ ನಂಬರಿನಿಂದ, ಅದಕ್ಕಿಂತ ದೊಡ್ಡದಾದ 2/0 ವರೆಗಿನ ಗಾಳ, ಜೊತೆಗೆ ಮೂರು ಕೊಕ್ಕೆ ಇರೋ ಲೂರ್‌ಗಳು (ನಕಲಿ ಆಮಿಷಗಳು). ನೀರಿನ ತಳವೆಲ್ಲ ಕಲ್ಲು. ಮೊನೆ ಮೊಂಡಾಗಿದೆಯಾ ಅಂತ ಖಚಿತವಾಗಿ ತಿಳಿಯೋದು ಹೇಗೆ? ಅರ ಯಾವ ಕಡೆಗೆ ಎಳೀಬೇಕು? ಪೊಟ್ಟಣದ ಮೇಲೆ ‘ಕೆಮಿಕಲಿ ಶಾರ್ಪನ್ಡ್’ ಅಂತ ಇರೋ ಗಾಳಕ್ಕೂ ಅರ ಹಾಕಬಹುದಾ? ತುಕ್ಕು ಎಷ್ಟರವರೆಗೆ ಪರವಾಗಿಲ್ಲ?

ಸಾಣೆಕಲ್ಲು:
ಕಣ್ಣಲ್ಲಿ ನೋಡಿ ಹೇಳೋಕೆ ಆಗಲ್ಲ, ಬೆರಳ ತುದಿಗೆ ಒತ್ತಿ ನೋಡೋದಂತೂ ಬೇಡವೇ ಬೇಡ. ಹೆಬ್ಬೆರಳಿನ ಉಗುರೇ ಸರಿಯಾದ ಅಳತೆಗೋಲು. ಮೊನೆಯನ್ನು ಉಗುರಿನ ಮೇಲೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಇಡಿ. ಒತ್ತಬೇಡಿ, ಗಾಳದ ಭಾರ ಮಾತ್ರ ಇರಲಿ. ನಿಧಾನಕ್ಕೆ ಎಳೀರಿ. ತಕ್ಷಣ ಕಚ್ಚಿ ನಿಂತರೆ ಹರಿತ ಇದೆ. ಬಿಳಿ ಗೀರು ಬಿಡ್ತಾ ಮುಂದೆ ಹೋದರೆ ಅರ ಹಾಕುವ ಹೊತ್ತು. ಗೀರೂ ಇಲ್ಲದೆ ಜಾರಿದರೆ ಆ ಗಾಳದಿಂದ ಮೀನಿನ ಗಟ್ಟಿ ದವಡೆ ತೂರೋದಿಲ್ಲ, ತುಟಿಯ ತೊಗಲಷ್ಟೇ ಹಿಡಿದು ಬಿಡುತ್ತೆ. ನೀವು ಹೇಳಿದ ಲಕ್ಷಣ ಅದೇ.

ಕಲ್ಲಿನ ತಳದಲ್ಲಿ ಗಾಳ ಸಿಕ್ಕಿ ಬಿಡಿಸಿದಾಗಲೆಲ್ಲ, ಮೀನು ಬಿಡಿಸಿದಾಗಲೆಲ್ಲ ಉಗುರಿಗೆ ತಾಗಿಸಿ ನೋಡಿ. ಐದು ಸೆಕೆಂಡಿನ ಕೆಲಸ.

ಅರ ಸಣ್ಣದಿರಲಿ, ಹಲ್ಲು ನುಣ್ಣಗಿರಲಿ. ಡೈಮಂಡ್ ಪುಡಿ ಹಚ್ಚಿದ ಚಪ್ಪಟೆ ಅರ ಇದ್ದರೆ ಇನ್ನೂ ಒಳ್ಳೇದು. ಗಾಳದ ಬಾಗನ್ನು ಇಕ್ಕಳದಲ್ಲಿ ಅಲುಗದ ಹಾಗೆ ಹಿಡಿಯಿರಿ. ಮೊನೆಯನ್ನೋ ಮೊನೆಯ ಹಿಂದಿನ ಮುಳ್ಳನ್ನೋ ಹಿಡಿದರೆ ಅಲ್ಲೇ ಬಿರುಕು ಬಿಡಬಹುದು. ಮೊನೆಯ ಎಡ ಮೈಗೆ ಎರಡು ಮೂರು ಎಳೆತ, ಬಲ ಮೈಗೆ ಅಷ್ಟೇ, ಕೊನೆಗೆ ಹೊರಬೆನ್ನಿಗೆ ಒಂದೆರಡು. ಬಾಗಿನ ಕಡೆಯಿಂದ ಮೊನೆಯ ಕಡೆಗೆ, ಒಂದೇ ದಿಕ್ಕಿಗೆ. ಹಿಂದೆ ಮುಂದೆ ಗರಗಸದ ಹಾಗೆ ಎಳೆದರೆ ಮೊನೆ ದುಂಡಗಾಗುತ್ತೆ. ಮುಳ್ಳಿರುವ ಒಳಬದಿ ಮುಟ್ಟಬೇಡಿ. ಹೀಗೆ ಮಾಡಿದರೆ ಮೊನೆ ಮೂರು ಮೂಲೆಯದಾಗಿ, ಅಂಚುಗಳು ಕೊಯ್ಕೊಂಡು ಒಳಗೆ ಹೋಗುತ್ತವೆ.

8ನೇ ನಂಬರು ಮತ್ತು ಅದಕ್ಕಿಂತ ಚಿಕ್ಕ ಗಾಳಗಳಿಗೆ (ಇಲ್ಲಿ ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದು) ಇದೆಲ್ಲ ಬೇಡ. ಅಲ್ಲಿ ತಂತಿಯೇ ತೆಳು. ಬದಲಿಸಿಬಿಡಿ.

ಬೆಂಡುಸೀಸ:
ದಿಕ್ಕಿನ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಅರ ಲೋಹದಿಂದ ಹೊರಗೆ ಹೋಗುವ ಕಡೆ ಯಾವಾಗಲೂ ಕೂದಲೆಳೆಯಂಥ ಒಂದು ಸಿಬಿರು ಉಳಿಯುತ್ತೆ. ಮೊನೆಯ ಕಡೆಗೇ ಎಳೆದು ಅಲ್ಲಿಗೇ ನಿಲ್ಲಿಸಿದರೆ ಆ ಸಿಬಿರು ಮೊನೆಯ ತುದಿಯಲ್ಲೇ ಕೂತಿರುತ್ತೆ. ಉಗುರಿಗೆ ಚೆನ್ನಾಗಿ ಕಚ್ಚುತ್ತೆ, ಎಲ್ಲಾ ಸರಿ ಅನ್ನಿಸುತ್ತೆ, ಮೊದಲ ಮೀನಿನ ಮೂಳೆಗೆ ಮಡಚಿಕೊಳ್ಳುತ್ತೆ. ಅದಕ್ಕೇ ಕೊನೆಯ ಎರಡು ಎಳೆತವನ್ನು ಹೊರಬೆನ್ನಿನ ಮೇಲೆ ಮೊನೆಯಿಂದ ಬಾಗಿನ ಕಡೆಗೆ, ಬಹಳ ಹಗುರವಾಗಿ ಎಳೀರಿ. ಆಮೇಲೆ ಒಂದು ಚೂರು ಹತ್ತಿಯ ಮೇಲೆ ಮೊನೆಯ ಪಕ್ಕಗಳನ್ನು ಸವರಿ. ಎಳೆ ಸಿಕ್ಕಿಕೊಂಡರೆ ಸಿಬಿರು ಇನ್ನೂ ಇದೆ.

ಮೊನೆಯನ್ನು ಸೂಜಿಯ ಹಾಗೆ ಉದ್ದ ಮಾಡುವ ಆಸೆಗೂ ಬೀಳಬೇಡಿ. ಉದ್ದ ತೆಳು ಮೊನೆ ಮೂಳೆಗೆ ತಾಗಿದ ಕೂಡಲೇ ಸುರುಳಿಯಾಗುತ್ತೆ.

ಕೆಮಿಕಲ್ ಗಾಳದ ಬಗ್ಗೆ: ಅದನ್ನು ಆಮ್ಲದಲ್ಲಿ ಮುಳುಗಿಸಿ, ಮೇಲ್ಮೈಯನ್ನು ಒಂದೇ ಸಮ ಕರಗಿಸಿ ಮೊನೆ ತಂದಿರುತ್ತಾರೆ. ದುಂಡಗಿನ, ನುಣುಪಾದ, ಅತಿ ತೆಳುವಾದ ತುದಿ ಅದು. ಅರ ಹಾಕಿ ಅದೇ ತುದಿಯನ್ನು ಮರಳಿ ತರೋದು ಸಾಧ್ಯವಿಲ್ಲ. ನೀರಿನ ದಡದಲ್ಲಿ ಬೇರೆ ಗಾಳ ಇಲ್ಲದಿದ್ದರೆ ಡೈಮಂಡ್ ಅರದಿಂದ ಒಂದೊಂದು ಎಳೆತ ಕೊಟ್ಟು ಆ ದಿನ ನಡೆಸಬಹುದು, ಅಷ್ಟೇ. ಇನ್ನೊಂದು, ಯಾವ ಗಾಳವೇ ಆಗಲಿ, ಅರ ತಾಗಿದ ಜಾಗದಲ್ಲಿ ಮೇಲಿನ ಲೇಪ ಹೋಗಿರುತ್ತೆ. ತುಕ್ಕು ಮೊದಲು ಹಿಡಿಯೋದೇ ಅಲ್ಲಿ. ಪರ್ಮನೆಂಟ್ ಮಾರ್ಕರ್‌ನಲ್ಲಿ ಒಮ್ಮೆ ಬಳಿದರೆ ಸ್ವಲ್ಪ ಕಾಲ ತಡೆಯುತ್ತೆ.

ಕೆರೆಏರಿ:
ಅರ ಮೊನೆಯನ್ನು ಮಾತ್ರ ಸರಿಮಾಡುತ್ತೆ. ಗಾಳ ಕೈಕೊಡೋದು ಮೊನೆಯಲ್ಲಿ ಮಾತ್ರ ಅಲ್ಲ, ಹಾಗಾಗಿ ಅರ ಕೈಗೆತ್ತಿಕೊಳ್ಳೋ ಮೊದಲು ಬಾಗು, ಕಣ್ಣು (ದಾರ ಕಟ್ಟುವ ತೂತು), ಮುಳ್ಳು ಈ ಮೂರನ್ನೂ ನೋಡಿ.

ಬಾಗು ನೋಡಬೇಕಾದರೆ ಅದೇ ಪೊಟ್ಟಣದ ಹೊಸ ಗಾಳದ ಮೇಲೆ ಹಳೆಯದನ್ನು ಇಡಿ. ಬಾಯಿ ಸ್ವಲ್ಪ ಅಗಲವಾಗಿದ್ದರೂ ಎಸೀರಿ. ಇಕ್ಕಳದಲ್ಲಿ ಮತ್ತೆ ಬಗ್ಗಿಸಿ ಬಳಸುವವರು ತುಂಬಾ ಜನ ಇದ್ದಾರೆ, ದೊಡ್ಡ ತಪ್ಪು ಅದು. ಒಮ್ಮೆ ಬಿಚ್ಚಿದ ಉಕ್ಕನ್ನು ಮತ್ತೆ ಬಗ್ಗಿಸಿದರೆ ಆ ಜಾಗ ಪೆಡಸಾಗಿ ಒಳಗೆ ಬಿರುಕು ಬಿಡುತ್ತೆ, ಮುಂದಿನ ದೊಡ್ಡ ಮೀನಿಗೆ ಅಲ್ಲೇ ಮುರಿಯುತ್ತೆ.

ತುಕ್ಕಿನಲ್ಲಿ ಎರಡು ಬಗೆ. ಬಟ್ಟೆಯಲ್ಲಿ ಒರೆಸಿದರೆ ಹೋಗುವ ಕಂದು ಪುಡಿಗೆ ಹೆದರಬೇಕಿಲ್ಲ. ಒರೆಸಿದ ಮೇಲೆ ಗುಳಿ ಉಳಿದಿದ್ದರೆ, ಅದರಲ್ಲೂ ಬಾಗಿನ ಒಳಗೋ ಮೊನೆಯ ಹತ್ತಿರವೋ ಇದ್ದರೆ, ಆ ಗಾಳದ ಕೆಲಸ ಮುಗೀತು. ಕಣ್ಣಿನೊಳಗೆ ಒರಟು ತುಕ್ಕಿದ್ದರೆ ಗಂಟಿನ ಹತ್ತಿರ ದಾರ ಸವೆದು ತುಂಡಾಗುತ್ತೆ. ತಪ್ಪು ಗಂಟಿನದು ಅಂದುಕೊಂಡು ಗಂಟನ್ನೇ ಬದಲಿಸ್ತಾ ಕೂರ್ತೀರಿ.

ಎಷ್ಟು ಸಲ ಅರ ಹಾಕಬಹುದು ಅಂದರೆ, ಮೊನೆಯಿಂದ ಮುಳ್ಳಿನವರೆಗಿನ ಉದ್ದ ಹೊಸ ಗಾಳಕ್ಕಿಂತ ಕಣ್ಣಿಗೆ ಕಾಣುವಷ್ಟು ಕಡಿಮೆಯಾದರೆ ನಿಲ್ಲಿಸಿ. ಸಾಮಾನ್ಯವಾಗಿ ಎರಡು ಮೂರು ಸಲಕ್ಕೇ ಅಲ್ಲಿಗೆ ಬಂದಿರುತ್ತೆ.

ಲೂರ್‌ನ ಮೂರು ಕೊಕ್ಕೆಯ ಗಾಳದಲ್ಲಿ ಪ್ರತಿ ಮೊನೆಯನ್ನೂ ಬೇರೆ ಬೇರೆ ಪರೀಕ್ಷಿಸಿ. ಒಂದು ಮುರಿದರೂ ಇಡೀ ಗಾಳ ಬದಲಿಸಿ. ಹೊಸದು ಅದೇ ಅಳತೆ, ಅದೇ ತೂಕ ಇರಬೇಕು. ಭಾರ ಹೆಚ್ಚಾದರೆ ತೇಲಬೇಕಾದ ಲೂರ್ ಮುಳುಗುತ್ತೆ ಅಥವಾ ಓಲಾಡೋದನ್ನೇ ನಿಲ್ಲಿಸುತ್ತೆ. ಅಳತೆ ದೊಡ್ಡದಾದರೆ ಮುಂದಿನ ಗಾಳ ಹಿಂದಿನದಕ್ಕೆ ಸಿಕ್ಕಿಕೊಳ್ಳುತ್ತೆ. ಗಾಳವನ್ನು ಲೂರ್‌ಗೆ ಸೇರಿಸುವ ಚಿಕ್ಕ ಉಂಗುರ, ಅಂದರೆ ಸ್ಪ್ಲಿಟ್ ರಿಂಗ್, ಸಡಿಲ ಅನ್ನಿಸಿದರೆ ಅದನ್ನೂ ತೆಗೀರಿ.

ಹೊಳೆದಂಡೆ:
ಉಗುರಿನಲ್ಲಿ ನೋಡಿದೆ, ಹನ್ನೆರಡರಲ್ಲಿ ಒಂಬತ್ತು ಸುಮ್ಮನೆ ಜಾರಿದವು. ಆದರೆ ಪೆಟ್ಟಿಗೆಯಲ್ಲಿ ಬಳಸದೇ ಇಟ್ಟಿದ್ದ ಗಾಳಗಳಲ್ಲೂ ಎರಡು ಮೊಂಡಾಗಿವೆಯಲ್ಲ, ಅದು ಹೇಗೆ? ಸರ್ಕಲ್ ಗಾಳಕ್ಕೂ ಇದೇ ರೀತಿ ಅರ ಹಾಕಬಹುದಾ?

ಸಾಣೆಕಲ್ಲು:
ಒಂದೇ ಗೂಡಿನಲ್ಲಿ ರಾಶಿ ಹಾಕಿದರೆ ಮೊನೆಗಳು ಒಂದಕ್ಕೊಂದು ಉಜ್ಜಿಕೊಂಡು ಮೊಂಡಾಗುತ್ತವೆ. ಫೋಮ್ ತುಂಡಿಗೆ ಚುಚ್ಚಿಡಿ, ಇಲ್ಲವೇ ಅವು ಬಂದ ಪೊಟ್ಟಣದಲ್ಲೇ ಇರಲಿ. ಬಳಸಿದ್ದನ್ನು ಒದ್ದೆಯಾಗೇ ಒಳಗೆ ಹಾಕಿದರೆ ಅದರ ತೇವಕ್ಕೆ ಪಕ್ಕದ ಹೊಸವಕ್ಕೂ ತುಕ್ಕು ಹಿಡಿಯುತ್ತೆ. ಉಪ್ಪುನೀರಿನಲ್ಲಿ ಬಳಸಿದ್ದರೆ ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬೇರೆ ಗೂಡಿಗೆ ಹಾಕಿ. ರಾಡಿನ ಮೇಲೆ ದಾರ ಹಾಯುವ ಗೈಡ್ ಉಂಗುರಕ್ಕೆ ಗಾಳ ಸಿಕ್ಕಿಸಿಕೊಂಡು ಓಡಾಡೋದನ್ನೂ ಬಿಡಿ, ಮೊನೆಯೂ ಹಾಳು, ಉಂಗುರದ ಒಳಮೈಗೆ ಗೀರು ಬಿದ್ದು ದಾರವೂ ಹಾಳು.

ಸರ್ಕಲ್ ಗಾಳದ ಮೊನೆ ಒಳಕ್ಕೆ ತಿರುಗಿರುತ್ತೆ. ಬಾಯಿಯ ಮೂಲೆಗೆ ಜಾರಿ ಅಲ್ಲಿ ತಾನೇ ತಿರುಗಿ ಚುಚ್ಚೋದೇ ಅದರ ಕೆಲಸ, ಆ ಕೋನ ಕೆಟ್ಟರೆ ಗಾಳ ಹಿಡಿಯೋದಿಲ್ಲ. ಅದಕ್ಕೆ ಅರ ಬೇಡ, ಜಾರಿದರೆ ಬದಲಿಸಿ.

ಕೆರೆಏರಿ:
ತೆಗೆದ ಆ ಒಂಬತ್ತನ್ನು ಮುಚ್ಚಳ ಇರೋ ಗಟ್ಟಿ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ದಡದಲ್ಲಿ ಬಿಟ್ಟರೆ ಯಾರದೋ ಕಾಲಿಗೋ ದನದ ಬಾಯಿಗೋ ಹೋಗುತ್ತೆ. ಮೊಂಡಾದ ಗಾಳ ಮೀನಿಗೆ ಸಾಲದಿದ್ದರೂ ಅಂಗಾಲಿಗೆ ಸಾಕಾಗುತ್ತೆ.