42 ಅಡಿ ಸ್ಪೋರ್ಟ್ ಪ್ಯಾಟರ್ನ್‌ಗೆ ಯಾವ ಬಾಲ್ ತಗೊಳ್ಳಲಿ?

ಡೆಟ್ರಾಯಿಟ್ ರಾಘು

ಎಲ್ಲರಿಗೂ ನಮಸ್ಕಾರ. ನಾನು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ ಇದ್ದೇನೆ. ಇಲ್ಲಿ ಹತ್ತು ಪಿನ್ ಬೀಳಿಸುವ ಬೌಲಿಂಗ್ ಆಟದ ಲೀಗ್‌ಗಳಿಗೇನೂ ಕೊರತೆಯಿಲ್ಲ, ಚಳಿಗಾಲ ಪೂರ್ತಿ ಆಡುತ್ತೇನೆ. ಈ ಬೇಸಿಗೆಯಲ್ಲಿ ಆಫೀಸಿನ ಗೆಳೆಯರ ಜೊತೆ ಸ್ಪೋರ್ಟ್ ಲೀಗ್ ಸೇರಿದೆ. ಮಾಮೂಲಿ ಲೀಗ್‌ನಲ್ಲಿ ನನ್ನ ಸರಾಸರಿ 190ರ ಆಸುಪಾಸು, ಇಲ್ಲಿ 155 ದಾಟುವುದೇ ಕಷ್ಟವಾಗಿದೆ.

ಈಗ ಲೇನ್ ಮೇಲೆ ಹಾಕಿರುವ ಎಣ್ಣೆಯ ಪ್ಯಾಟರ್ನ್ 42 ಅಡಿ ಉದ್ದ. ನಡುವಿನ ಎಣ್ಣೆಗೂ ಅಂಚಿನದ್ದಕ್ಕೂ ಅನುಪಾತ ಎರಡೂವರೆಗೆ ಒಂದು ಅಂತ ಶೀಟ್‌ನಲ್ಲಿದೆ. ಸ್ವಲ್ಪ ಒಳಗೆ ಬಿದ್ದರೆ ಬಾಲ್ ನೇರ ಹೆಡ್ ಪಿನ್ (ಎಲ್ಲಕ್ಕಿಂತ ಮುಂದಿನ ಪಿನ್) ಮೂತಿಗೇ ಹೊಡೆದು ಸ್ಪ್ಲಿಟ್, ಅಂದರೆ ಉಳಿದ ಪಿನ್‌ಗಳು ದೂರ ದೂರ. ಸ್ವಲ್ಪ ಹೊರಗೆ ಹೋದರೆ ವಾಪಸ್ ಬರುವುದೇ ಇಲ್ಲ.

ಬ್ಯಾಗಿನಲ್ಲಿ ಮೂರು ಬಾಲ್ ಇವೆ, ಎಲ್ಲವೂ 15 ಪೌಂಡ್. ಒಂದು ಪಾಲಿಶ್ ಇರುವ ಅಸಿಮೆಟ್ರಿಕ್ (ಒಳಗಿನ ಕೋರ್ ಸಮರೂಪವಲ್ಲದ) ಪರ್ಲ್ (ಹೊಳಪಿನ ಪುಡಿ ಬೆರೆಸಿದ ಕವರ್), ಜೋರಾಗಿ ತಿರುಗುತ್ತದೆ. ಒಂದು ಹಳೇ ಸಿಮೆಟ್ರಿಕ್ ಸಾಲಿಡ್ (ಸಮರೂಪದ ಕೋರ್, ಆ ಪುಡಿ ಇಲ್ಲದ ಕವರ್), ಆಡಿ ಆಡಿ ಮೇಲ್ಮೈ ಹೊಳೆಯುತ್ತಿದೆ. ಇನ್ನೊಂದು ಸ್ಪೇರ್‌ಗೆ (ಮೊದಲ ಎಸೆತದಲ್ಲಿ ಉಳಿದ ಪಿನ್ ಬೀಳಿಸಲು) ಪ್ಲಾಸ್ಟಿಕ್. ಬಲಗೈ ಆಟಗಾರ, ಸ್ಪೀಡ್ ಮತ್ತು ರೆವ್ಸ್ (ಬಾಲ್ ಸುತ್ತುವ ವೇಗ) ಎರಡೂ ಮಧ್ಯಮ. ತಂಡದಲ್ಲಿ ಒಬ್ಬರು ಇನ್ನೂ ಸ್ಟ್ರಾಂಗ್ (ಜಾಸ್ತಿ ತಿರುಗುವ) ಬಾಲ್ ತಗೋ ಅಂತಾರೆ, ಇನ್ನೊಬ್ಬರು ಯುರೆಥೇನ್ (ಕಡಿಮೆ ತಿರುಗುವ ಕವರ್) ಅಂತಾರೆ. ಒಂದೇ ಒಂದು ಬಾಲ್‌ಗೆ ದುಡ್ಡಿದೆ. ಏನು ಮಾಡಲಿ?

ಎರಡನೇ ಬಾಣ

ರಾಘು ಅವರೇ, ಸದ್ಯಕ್ಕೆ ಏನೂ ತಗೋಬೇಡಿ. ಉತ್ತರ ನಿಮ್ಮ ಬ್ಯಾಗಿನಲ್ಲೇ ಇದೆ, ಆ ಹಳೇ ಸಾಲಿಡ್.

ಮೊದಲು ಲೇನ್ ವಿಷಯ. ಮಾಮೂಲಿ ಲೀಗ್‌ಗೆ ಹಾಕುವ ಹೌಸ್ ಪ್ಯಾಟರ್ನ್‌ನಲ್ಲಿ ನಡುವೆ ಎಣ್ಣೆ ತುಂಬಾ ಇರುತ್ತದೆ, ಅಂಚಿನಲ್ಲಿ ತೀರಾ ಕಡಿಮೆ. ಅನುಪಾತ ಎಷ್ಟೋ ಕಡೆ 10:1 ಇರುತ್ತದೆ. ಹೊರಗೆ ಹೋದ ಬಾಲ್ ಒಣ ಬೋರ್ಡ್ (ಲೇನ್‌ನ ಉದ್ದುದ್ದ ಪಟ್ಟಿ) ಹಿಡಿದು ವಾಪಸ್ ಬರುತ್ತದೆ, ಒಳಗೆ ಬಿದ್ದ ಬಾಲ್ ಎಣ್ಣೆಯಲ್ಲಿ ಜಾರಿ ಪಾಕೆಟ್‌ಗೇ (ಬಲಗೈಯವರಿಗೆ 1 ಮತ್ತು 3ನೇ ಪಿನ್ ನಡುವಿನ ಸಂದು) ಹೋಗುತ್ತದೆ. ಎರಡೂ ಕಡೆ ಲೇನೇ ನಿಮ್ಮ ಕೈ ಹಿಡಿಯುತ್ತದೆ. ಸ್ಪೋರ್ಟ್ ಪ್ಯಾಟರ್ನ್‌ನಲ್ಲಿ ಅನುಪಾತ 3:1 ಅಥವಾ ಇನ್ನೂ ಕಡಿಮೆ, ಅಂದರೆ ಅಂಚಿನಿಂದ ಅಂಚಿಗೆ ಎಣ್ಣೆ ಹೆಚ್ಚುಕಮ್ಮಿ ಒಂದೇ ಸಮ. ಹಾಗಾಗಿ ಆ ಸಹಾಯ ಸಿಗುವುದಿಲ್ಲ. ಸರಾಸರಿ ಇಳಿಯುವುದು ಎಲ್ಲರಿಗೂ ಆಗುವಂಥದ್ದೇ.

ಎಲ್ಲಿ ಆಡಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕವಿದೆ. ಪ್ಯಾಟರ್ನ್ ಉದ್ದದಿಂದ 31 ಕಳೆಯಿರಿ. 42ರಲ್ಲಿ 31 ಹೋದರೆ 11. ಎಣ್ಣೆ ಮುಗಿಯುವ ಜಾಗದಲ್ಲಿ ನಿಮ್ಮ ಬಾಲ್ ಬಲಗಡೆಯಿಂದ 11ನೇ ಬೋರ್ಡ್ ಹತ್ತಿರ ಇರಬೇಕು. ಇದು ಶುರು ಮಾಡುವ ಜಾಗ ಅಷ್ಟೇ, ಆಮೇಲೆ ಕಣ್ಣು ಹೇಳಿದ ಹಾಗೆ. ಹೌಸ್ ಲೇನ್‌ನ ಅಭ್ಯಾಸದಲ್ಲಿ 5, 6ನೇ ಬೋರ್ಡ್‌ಗೆ ಎಸೆದರೆ ಬಾಲ್ ಅಲ್ಲೇ ಉಳಿಯುತ್ತದೆ. ನೀವು ಹೇಳಿದ "ವಾಪಸ್ ಬರುವುದೇ ಇಲ್ಲ" ಅನ್ನುವುದು ಬಹುಶಃ ಇದೇ.

ಈಗ ಬಾಲ್. ಪಾಲಿಶ್ ಇರುವ ಅಸಿಮೆಟ್ರಿಕ್ ಪರ್ಲ್ ಎಣ್ಣೆ ಮೇಲೆ ಪಾಚಿ ಕಟ್ಟಿದ ಬಚ್ಚಲಲ್ಲಿ ಕಾಲಿಟ್ಟ ಹಾಗೆ ಜಾರುತ್ತಾ ಹೋಗುತ್ತದೆ, ಒಣ ಜಾಗ ಸಿಕ್ಕ ಕೂಡಲೇ ಗಕ್ಕನೆ ತಿರುಗುತ್ತದೆ. ಹೌಸ್ ಲೇನ್‌ನಲ್ಲಿ ನೋಡಲು ಬಹಳ ಚೆಂದ. ಆದರೆ ಇಲ್ಲಿ ನಿಮ್ಮ ಕೈಯಲ್ಲಿ ಆಗುವ ಒಂದು ಬೋರ್ಡ್ ವ್ಯತ್ಯಾಸ ಪಿನ್ ಹತ್ತಿರ ನಾಲ್ಕೈದು ಬೋರ್ಡ್ ಆಗಿಬಿಡುತ್ತದೆ. ನಿಮಗೆ ಬೇಕಾಗಿರುವುದು ಬೇಗ ನೆಲ ಹಿಡಿದು, ಮಧ್ಯದಲ್ಲೇ ಉರುಳಲು ಶುರು ಮಾಡಿ, ಕೊನೆಯಲ್ಲಿ ಮೆಲ್ಲಗೆ ತಿರುಗುವ ಬಾಲ್. ಸಾಲಿಡ್ ಕವರ್, ಸಿಮೆಟ್ರಿಕ್ ಕೋರ್, ಪಾಲಿಶ್ ಇಲ್ಲದ ಮೇಲ್ಮೈ. ಹಳೇ ಬಾಲ್‌ಗೆ 2000 ಅಬ್ರಲಾನ್ ಪ್ಯಾಡ್ (ಮೇಲ್ಮೈ ಉಜ್ಜುವ ಪ್ಯಾಡ್, ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಹಾಕಿಸಿ ನೋಡಿ, ಅದೇ ಬಾಲಾ ಅಂತ ನಿಮಗೇ ಅನುಮಾನ ಬರುತ್ತದೆ.

ಯುರೆಥೇನ್ ಬೇಡ. ಪ್ಯಾಟರ್ನ್ ಗಿಡ್ಡ ಇದ್ದಾಗ, 35 ಅಡಿಯ ಆಸುಪಾಸಿನಲ್ಲಿ, ಅದು ಚಿನ್ನ. 42 ಅಡಿಗೆ, ಅದೂ ಮಧ್ಯಮ ರೆವ್ಸ್‌ಗೆ, ಪಿನ್ ತಲುಪುವ ಹೊತ್ತಿಗೆ ಕೋನವೂ ಸಿಗುವುದಿಲ್ಲ, ಹೊಡೆತವೂ ಇರುವುದಿಲ್ಲ.

ಪ್ರೊ ಶಾಪ್ ಶಿವು

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾನು ನ್ಯೂಜೆರ್ಸಿಯಲ್ಲಿ ಬಾಲ್ ಡ್ರಿಲ್ ಮಾಡುವ ಕೆಲಸದಲ್ಲಿದ್ದೇನೆ, ಹಾಗಾಗಿ ಒಂದೆರಡು ಮಾತು ಸೇರಿಸುತ್ತೇನೆ.

ಹಳೇ ಬಾಲ್ ಉಜ್ಜಿಸುವ ಮೊದಲು ಒಳಗಿನ ಎಣ್ಣೆ ತೆಗೆಸಿ. ಪರ್ಲ್, ಸಾಲಿಡ್‌ಗಳಿಗೆ ಇರುವ ರಿಯಾಕ್ಟಿವ್ ಕವರ್ ಲೇನ್‌ನ ಎಣ್ಣೆಯನ್ನು ಹೀರುತ್ತಲೇ ಇರುತ್ತದೆ. ತುಂಬಾ ಹೀರಿದ ಬಾಲ್‌ಗೆ ಎಷ್ಟು ಉಜ್ಜಿದರೂ ಹಳೇ ಹಿಡಿತ ಬರುವುದಿಲ್ಲ. ಶಾಪ್‌ನಲ್ಲಿ ಹದವಾಗಿ ಬಿಸಿ ಮಾಡಿ ಎಣ್ಣೆ ಹೊರಗೆ ಬರಿಸುತ್ತಾರೆ. ಮನೆಯಲ್ಲಿ ಓವನ್‌ಗೆ ಇಡುವ ಸಾಹಸ ದಯವಿಟ್ಟು ಬೇಡ, ಬಾಲ್ ಬಿರುಕು ಬಿಡುತ್ತದೆ. ಹಾಗೇ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಬರಬೇಡಿ, ಮಿಶಿಗನ್ ಚಳಿಗೂ ಅದೇ ಗತಿ.

ಮೇಲ್ಮೈಯನ್ನು 500ರಿಂದ ಶುರು ಮಾಡಿ 1000, ಆಮೇಲೆ 2000 ಹೀಗೆ ಹಂತಹಂತವಾಗಿ ತನ್ನಿ. ನೇರ 2000 ಪ್ಯಾಡ್ ಹಾಕಿದರೆ ಹೊಳಪು ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಒಂದು ಸಲ ಮಾಡಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ, ಲೇನ್ ಮೇಲೆ ಉರುಳಿ ಉರುಳಿ ಅದು ಮತ್ತೆ ನುಣ್ಣಗಾಗುತ್ತದೆ. ಪ್ಯಾಡ್ ಬ್ಯಾಗಿನಲ್ಲಿರಲಿ. ಆದರೆ ಉಜ್ಜುವುದೆಲ್ಲ ಆಟ ಶುರುವಾಗುವ ಮೊದಲೇ ಆಗಬೇಕು, ಶುರುವಾದ ಮೇಲೆ ಯುಎಸ್‌ಬಿಸಿ (ಅಮೆರಿಕದ ಬೌಲಿಂಗ್ ಸಂಸ್ಥೆ) ನಿಯಮದ ಪ್ರಕಾರ ಪ್ಯಾಡ್ ಮುಟ್ಟುವ ಹಾಗಿಲ್ಲ.

ಆ ಬಾಲ್‌ನಲ್ಲಿ ಬೆರಳು ಹೋಗದ ಹೆಚ್ಚುವರಿ ತೂತು ಇದೆಯಾ ನೋಡಿ. ಮೊದಲು ಬ್ಯಾಲೆನ್ಸ್‌ಗೆ ಅಂತ ಕೊರೆಯುತ್ತಿದ್ದರು. 2020ರ ಆಗಸ್ಟ್‌ನಿಂದ ಅದಕ್ಕೆ ಅವಕಾಶವಿಲ್ಲ, ಮುಚ್ಚಿಸಬೇಕು. ಎಸೆಯುವಾಗ ಹೆಬ್ಬೆರಳು ಹಾಕದವರು ಹೆಬ್ಬೆರಳಿನ ತೂತನ್ನೂ ಇಟ್ಟುಕೊಳ್ಳುವಂತಿಲ್ಲ.

ಮುಂದೆ ಹೊಸದು ತಗೊಳ್ಳಲೇಬೇಕು ಅನ್ನಿಸಿದರೆ ಸ್ಟಾರ್ಮ್ ಕಂಪನಿಯ ಫೇಜ್ 2 ತರಹದ್ದು ನೋಡಿ, ಸಿಮೆಟ್ರಿಕ್ ಸಾಲಿಡ್. ಇಂಥ ಬಾಲನ್ನೇ ನಾವು ಬೆಂಚ್‌ಮಾರ್ಕ್ ಅನ್ನುವುದು. ಅದನ್ನು ಎಸೆದು ನೋಡಿ, ಅದು ಮಾಡಿದ್ದರ ಮೇಲೆ ಜಾಸ್ತಿ ಹುಕ್ (ತಿರುವು) ಬೇಕಾ ಕಮ್ಮಿ ಬೇಕಾ ಅಂತ ತೀರ್ಮಾನಿಸುವುದು.

ಚರ್ಚ್ ಸ್ಟ್ರೀಟ್ ಚೇತನ್

ಬೆಂಗಳೂರಿನಿಂದ. ನಾನು ಅಮೀಬಾ ಬೌಲಿಂಗ್ ಸೆಂಟರ್‌ನಲ್ಲಿ ಆಡುತ್ತೇನೆ. ಇಲ್ಲಿ ನಮಗೆ ಬಾಲ್ ಹೊರಗಿನಿಂದಲೇ ಬರಬೇಕು. ಬೇರೆ ಊರಿಗೆ ಟೂರ್ನಿಗೆ ಹೋಗುವಾಗ ತೂಕದ ಚಿಂತೆ ಬೇರೆ, 15 ಪೌಂಡ್ ಅಂದರೆ ಒಂದೊಂದೂ 6.8 ಕೆಜಿ. ಹಾಗಾಗಿ ಕಡಿಮೆ ಬಾಲ್‌ನಲ್ಲಿ ಆಡುವುದು ನಮಗೆ ಚೆನ್ನಾಗಿ ಗೊತ್ತು.

ಅಣ್ಣ, ಬಾಲ್ ವಾಪಸ್ ಬಂದಾಗ ಒರೆಸುವ ಮೊದಲು ಅದರ ಮೇಲಿನ ಎಣ್ಣೆ ಗೆರೆಗಳನ್ನು ನೋಡಿ. ದಪ್ಪ, ಒದ್ದೆ ಗೆರೆ ಇದ್ದರೆ ನೀವು ಆಡುತ್ತಿರುವ ಜಾಗದಲ್ಲಿ ಎಣ್ಣೆ ಇನ್ನೂ ಇದೆ. ಸಣ್ಣಗೆ, ಮಂಕಾಗಿ ಇದ್ದರೆ ಅಲ್ಲಿ ಖಾಲಿಯಾಗುತ್ತಿದೆ, ಎಡಕ್ಕೆ ಸರಿಯುವ ಹೊತ್ತು. ನೋಡಿದ ಮೇಲೆ ಪ್ರತಿ ಸಲವೂ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ.

10ನೇ ಪಿನ್ (ಹಿಂದಿನ ಸಾಲಿನ ಬಲತುದಿಯದು) ಒಂದೇ ಉಳಿದಾಗಲೂ ಅದರ ಮುಂದಿನ 6ನೇ ಪಿನ್ ಏನು ಮಾಡಿತು ಅಂತ ನೋಡಿ. ಅದು 10ರ ಕುತ್ತಿಗೆ ಸುತ್ತಿ ಹಾರಿ ಹೋದರೆ ಬಾಲ್‌ನಲ್ಲಿ ಶಕ್ತಿ ಇದೆ, ಕೂದಲೆಳೆಯಷ್ಟು ಬದಲಾಯಿಸಿದರೆ ಸಾಕು. ಸೋತು ಪಕ್ಕದ ಗಟರ್‌ನಲ್ಲಿ ಮಲಗಿದರೆ ಬಾಲ್ ಬೇಗನೇ ಸುಸ್ತಾಗಿದೆ, ಆವಾಗ ಮೇಲ್ಮೈಯ ಒರಟು ಜಾಸ್ತಿಯಾಯಿತು ಅಂತ ಅರ್ಥ.

ಇನ್ನೊಂದು, ಸ್ಪೇರ್. ಇಂಥ ಫ್ಲ್ಯಾಟ್ (ಎಣ್ಣೆ ಒಂದೇ ಸಮ ಇರುವ) ಪ್ಯಾಟರ್ನ್‌ನಲ್ಲಿ ಸ್ಕೋರ್ ನಿಲ್ಲುವುದೇ ಸ್ಪೇರ್ ಮೇಲೆ. ಸ್ಟ್ರೈಕ್ ಒಂದೂ ಇಲ್ಲದೆ ಎಲ್ಲ ಫ್ರೇಮ್‌ನಲ್ಲೂ 9 ಬೀಳಿಸಿ ಸ್ಪೇರ್ ಮಾಡಿದರೂ 190 ಆಗುತ್ತದೆ. ಪ್ಲಾಸ್ಟಿಕ್ ಬಾಲನ್ನು ಪ್ರಾಕ್ಟೀಸ್‌ನಲ್ಲಿ ಜಾಸ್ತಿ ಎಸೆಯಿರಿ.

ಡೆಟ್ರಾಯಿಟ್ ರಾಘು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಾಲಿಡ್‌ಗೆ ಎಣ್ಣೆ ತೆಗೆಸಿ 2000 ಮಾಡಿಸಿದೆ. ಮೊದಲ ಗೇಮ್ 183 ಬಂತು, ಬಾಲ್ ಎಲ್ಲಿ ತಿರುಗುತ್ತದೆ ಅಂತ ಈಗ ಕಾಣುತ್ತಿದೆ! ಆದರೆ ಮೂರನೇ ಗೇಮ್‌ನಲ್ಲಿ ಬೇಗ ತಿರುಗಿ ಮೂತಿಗೆ ಹೋಗಲು ಶುರು. ಎರಡು ಬೋರ್ಡ್ ಎಡಕ್ಕೆ ಸರಿದೆ, ಆಗ ಮತ್ತೆ ಮತ್ತೆ 10ನೇ ಪಿನ್ ಒಂದೇ ಉಳಿಯುತ್ತಿತ್ತು. 6ನೇ ಪಿನ್ ಗಟರ್‌ನಲ್ಲಿ ಮಲಗುತ್ತಿತ್ತು, ಚೇತನ್ ಹೇಳಿದ ಹಾಗೇ. ಆವಾಗ ಏನು ಮಾಡಬೇಕು?

ಎರಡನೇ ಬಾಣ

ಭೇಷ್ ರಾಘು! ಈಗ ಆ ಪರ್ಲ್‌ಗೆ ಕೆಲಸ ಬಂತು.

ಇಡೀ ಲೇನ್‌ಗೆ ಹಾಕುವ ಎಣ್ಣೆ ಸುಮಾರು 25 ಮಿಲಿ ಅಷ್ಟೇ. ಎಲ್ಲರ ರಿಯಾಕ್ಟಿವ್ ಬಾಲ್ ಅದನ್ನೇ ಹೀರುತ್ತಿರುವಾಗ ಮೂರನೇ ಗೇಮ್ ಹೊತ್ತಿಗೆ ಮುಂದಿನ ಭಾಗ ಒಣಗುತ್ತದೆ. 2000 ಮೇಲ್ಮೈ ಅಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಪರ್ಲ್ ಆ ಭಾಗವನ್ನು ಜಾರಿ ದಾಟುತ್ತದೆ. ಅದಕ್ಕೆ ಬದಲಾಯಿಸುವಾಗ ಇನ್ನೂ ಮೂರು ನಾಲ್ಕು ಬೋರ್ಡ್ ಎಡಕ್ಕೆ ನಿಲ್ಲಿ, ಅದೇ ಜಾಗದಿಂದ ಎಸೆದರೆ ಎಡಕ್ಕೆ ಹಾರಿಹೋಗುತ್ತದೆ. ಪಾಲಿಶ್ ತೀರಾ ಜಾಸ್ತಿ ಅನ್ನಿಸಿದರೆ ಶಿವು ಅವರ ಹತ್ತಿರ ಕೇಳಿ, 4000 ಪ್ಯಾಡ್ ಲಘುವಾಗಿ ಹಾಕಿದರೆ ಆ ಗಕ್ಕನೆ ತಿರುಗುವುದು ಸ್ವಲ್ಪ ಹದಕ್ಕೆ ಬರುತ್ತದೆ.

ಜೊತೆಯಲ್ಲಿ ಆಡುವವರು ಯಾರಾದರೂ ಯುರೆಥೇನ್ ಎಸೆಯುತ್ತಿದ್ದಾರಾ ಅಂತಲೂ ಗಮನಿಸಿ. ಅದು ಎಣ್ಣೆ ಹೀರುವುದಿಲ್ಲ, ಮುಂದಕ್ಕೆ ತಳ್ಳುತ್ತದೆ. ಅವರ ದಾರಿಯಲ್ಲೇ ನೀವೂ ಆಡುತ್ತಿದ್ದರೆ ಪರ್ಲ್ ತೆಗೆಯುವ ಬದಲು ಸಾಲಿಡ್‌ನಲ್ಲೇ ಇದ್ದು ಅವರ ದಾರಿ ಬಿಟ್ಟು ಒಳಗೆ ಬನ್ನಿ.