ಸೇನಾನಾಯಕರ ‘ಹೊಣೆ’: ಹೊರುವುದೋ, ಹೊರಿಸುವುದೋ?

ಮಾನ್ಯರೇ,

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ನೂರಾರು ನಿರಾಯುಧ ಹಳ್ಳಿಗರನ್ನು ಕೊಂದ ಮೈ ಲಾಯ್ ಹತ್ಯಾಕಾಂಡದ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಪದೇ ಪದೇ ಬರುವ ‘ಕಮಾಂಡ್ ರೆಸ್ಪಾನ್ಸಿಬಿಲಿಟಿ’ಗೆ ಏನೆನ್ನಬೇಕೆಂಬುದು ಬಗೆಹರಿಯುತ್ತಿಲ್ಲ. ಕೈಕೆಳಗಿನವರು ಎಸಗುವ ಅಪರಾಧ ಗೊತ್ತಿದ್ದೂ, ಅಥವಾ ಗೊತ್ತಿರಬೇಕಾಗಿದ್ದೂ, ಅದನ್ನು ತಡೆಯದ, ಶಿಕ್ಷಿಸದ ಮೇಲಧಿಕಾರಿಯೂ ತಪ್ಪಿತಸ್ಥನೇ ಎಂಬುದು ಅದರ ತಿರುಳು.

ಮೊದಲು ಹೊಳೆಯುವ ಪದ ‘ಹೊಣೆ’. ಆದರೆ ‘ಸ್ಫೋಟದ ಹೊಣೆಯನ್ನು ಉಗ್ರ ಸಂಘಟನೆ ಹೊತ್ತುಕೊಂಡಿದೆ’ ಎಂದೂ, ‘ರೈಲು ಅಪಘಾತದ ನೈತಿಕ ಹೊಣೆ ಹೊತ್ತು ಸಚಿವರು ರಾಜೀನಾಮೆ ಕೊಟ್ಟರು’ ಎಂದೂ ನಮ್ಮ ಪತ್ರಿಕೆಗಳು ಒಂದೇ ಕ್ರಿಯಾಪದದಲ್ಲಿ ಬರೆಯುತ್ತವೆ. ಮೊದಲಿನವರು ಮಾಡಿದವರು, ಎರಡನೆಯವರು ಮಾಡದವರು. ಇಬ್ಬರೂ ತಾವಾಗಿಯೇ ಹೊತ್ತವರು. ತಾನಾಗಿ ಹೊರದ ಜನರಲ್‌ಗೆ ‘ಹೊಣೆ ಹೊರಿಸಿದರು’ ಎಂದರೆ, ‘ತಪ್ಪು ಹೊರಿಸು’ ಎಂಬಂತೆ, ಪಾಪ ಆತ ನಿರಪರಾಧಿ ಎಂಬ ಧ್ವನಿ ಬರುತ್ತದೆ. ‘ಉತ್ತರದಾಯಿತ್ವ’ ಸುತ್ತೋಲೆಯ ಪದ. ಕೇಳಿದ್ದಕ್ಕೆ ಉತ್ತರ ಬರೆದು ಕಳಿಸಿದರೆ ಮುಗಿಯಿತು. ‘ಜವಾಬ್ದಾರಿ’ಯ ಒಳಗೂ ಜವಾಬು ಇದೆ, ಆದರೆ ಅದು ಸವೆದು ಬರಿಯ ಕರ್ತವ್ಯವಾಗಿದೆ, ಮದುವೆ ಊಟದ್ದೂ ಜವಾಬ್ದಾರಿಯೇ.

ನನ್ನನ್ನು ತಡೆದು ನಿಲ್ಲಿಸಿರುವ ಭಾಗ ಇದು. 1968ರ ಮಾರ್ಚ್ 16ರಂದು ಆ ಹಳ್ಳಿಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಾಡಿದ್ದ, ಆ ಸೈನಿಕರ ಡಿವಿಜನ್ನಿನ (ಸಾವಿರಾರು ಸೈನಿಕರ ದೊಡ್ಡ ಪಡೆಯ) ಮುಖ್ಯಸ್ಥ ಮೇಜರ್ ಜನರಲ್ ಸ್ಯಾಮ್ಯುಯೆಲ್ ಕಾಸ್ಟರ್ ಮಾಹಿತಿ ಮುಚ್ಚಿಟ್ಟರೆಂಬ ಆರೋಪವನ್ನು 1971ರಲ್ಲಿ ವಿಚಾರಣೆಯಿಲ್ಲದೆ ಕೈಬಿಡಲಾಯಿತು. ಒಂದು ದರ್ಜೆಯ ಹಿಂಬಡ್ತಿ, ಒಂದು ಪದಕ ವಾಪಸು, ಅಷ್ಟೇ. ಅಪರಾಧ ಸಾಬೀತಾದದ್ದು ಹಳ್ಳಿಗರನ್ನು ಕೊಂದ ತುಕಡಿಯೊಂದರ ನಾಯಕ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನದೇ. ಆ ಹೊತ್ತಿಗೆ ಅಮೆರಿಕದ ಬಹುಪಾಲು ಜನರಿಗೆ ಯುದ್ಧವೇ ಬೇಡವಾಗಿತ್ತು. ಅದರ ಪರ ಇದ್ದವರೂ ವಿರೋಧಿಗಳೂ, ಬೇರೆ ಬೇರೆ ಕಾರಣಕ್ಕೆ, ಕ್ಯಾಲಿಯನ್ನು ಬಲಿಪಶು ಎಂದೇ ಕರೆದರು. ಕಾಸ್ಟರ್ ಅವರದ್ದು ‘ತಲೆದಂಡ’ ಎಂದು ಬರೆದು, ಅಳಿಸಿದೆ. ಹುದ್ದೆ ಹೋಯಿತೆಂದಷ್ಟೇ ಆ ಪದ ಹೇಳುತ್ತದೆ, ತಪ್ಪು ಯಾರದೆಂದು ಹೇಳುವುದಿಲ್ಲ. (ದಂಡನಾಯಕನ ಹೆಸರಿನಲ್ಲೇ ದಂಡವಿದ್ದರೂ ಅದು ಆತನಿಗೆ ತಗಲುವುದು ಅಪರೂಪ.)

ನನಗೆ ಹತ್ತಿರವೆನಿಸಿದ್ದು ‘ಹೊಣೆಗಾರ’ನ ಹಳೆಯ ಅರ್ಥ: ಜಾಮೀನು ನಿಂತವನು. ಸಾಲಗಾರ ಕೈಯೆತ್ತಿದರೆ ಹೊಣೆಗಾರ ತೆರಬೇಕು. ತೊಡಕೆಂದರೆ, ಜಾಮೀನುದಾರನಿಗೆ ಗೊತ್ತಿತ್ತೇ ಎಂದು ಯಾರೂ ಕೇಳುವುದಿಲ್ಲ. ಫಿಲಿಪ್ಪೀನ್ಸ್‌ನಲ್ಲಿದ್ದ ಪಡೆಗಳನ್ನು ಹತೋಟಿಯಲ್ಲಿಡಲಿಲ್ಲ ಎಂಬ ಆರೋಪದ ಮೇಲೆ 1946ರಲ್ಲಿ ಜಪಾನಿನ ಜನರಲ್ ಯಮಾಶಿತಾರನ್ನು ಗಲ್ಲಿಗೇರಿಸುವ ಮುನ್ನ, ಅಮೆರಿಕದ ಸುಪ್ರೀಂ ಕೋರ್ಟಿನ ಭಿನ್ನಮತದ ನ್ಯಾಯಮೂರ್ತಿ ಮರ್ಫಿ ಎತ್ತಿದ ಆಕ್ಷೇಪವೂ ಇದೇ ಜಾಡಿನದು.

ಸದ್ಯಕ್ಕೆ ‘ಮೇಲಧಿಕಾರದ ಹೊಣೆ’ ಎಂದು, ಕ್ರಿಯಾಪದಕ್ಕೆ ‘ಹೊಣೆಯಾಗಿಸು’ ಎಂದು ಇಟ್ಟುಕೊಂಡಿದ್ದೇನೆ. ನ್ಯಾಯಾಲಯದ ಕನ್ನಡದಲ್ಲಿ ‘ಬಾಧ್ಯಸ್ಥ’ ಎಂಬುದು ಹಣದ ವ್ಯವಹಾರದಾಚೆ, ಕ್ರಿಮಿನಲ್ ಪ್ರಕರಣಗಳಲ್ಲಿಯೂ ಬಳಕೆಯಲ್ಲಿದೆಯೇ? ವಕೀಲಿ ವೃತ್ತಿಯಲ್ಲಿರುವವರು ಮತ್ತು ಸೇನೆಯಲ್ಲಿದ್ದು ಬಂದವರು ತಿಳಿಸಬೇಕಾಗಿ ಕೋರುತ್ತೇನೆ.